ಮಿಕ್ಸಿ ನಿಂತರೆ ಮೋಟಾರನ್ನು ದೂಷಿಸದಿರಿ

ಬೀಸುವ ಕಲ್ಲು, ಒರಳುಕಲ್ಲು, ಒನಕೆ ಇವು ನಮ್ಮ ಬಾಲ್ಯಕಾಲದ ಅಡುಗೆಮನೆಗಳ ಮೂಲಸಾಧನಗಳಾಗಿದ್ದವು. ಅವುಗಳಿಗೆ ಕಾಯಿಲೆ ಎಂಬುದೇ ಇರಲಿಲ್ಲ. ಸವೆದು ನುಣುಪಾದ ಕಲ್ಲಿನ ಮೈಯನ್ನು ವರ್ಷಕ್ಕೊಮ್ಮೆ ಉಳಿಯಿಂದ ಕುಟ್ಟಿಸಿ ಒರಟುಗೊಳಿಸಿದರೆ ತೀರಿತು; ಮತ್ತೆ ಒಂದು ವರ್ಷ ನಿಶ್ಚಿಂತೆ. ಆದರೆ ಆ ಕಲ್ಲುಗಳನ್ನು ತಿರುಗಿಸುತ್ತಿದ್ದ ತಾಯಂದಿರ ರಟ್ಟೆಗಳಿಗೆ ಮಾತ್ರ ನಿಶ್ಚಿಂತೆ ಇರಲಿಲ್ಲ. ಕೋಳಿ ಕೂಗುವ ಮುನ್ನವೇ ಎದ್ದು ಜೋಳ ಬೀಸುತ್ತಿದ್ದ ನಮ್ಮ ತಾಯಿಯವರ ದಡ್ಡುಗಟ್ಟಿದ ಅಂಗೈ ಇಂದಿಗೂ ನಮ್ಮ ಕಣ್ಣಿಗೆ ಕಟ್ಟಿದಂತಿದೆ. ಆದುದರಿಂದ ವಿದ್ಯುತ್ ಯಂತ್ರಗಳು ಬಂದು ಹಳೆಯ ಬಾಳು ಹಾಳಾಯಿತೆಂದು ಹಳಹಳಿಸುವವರ ಸಾಲಿಗೆ ನಾವು ಸೇರಿದವರಲ್ಲ. ಕಲ್ಲಿನ ಜಾಗಕ್ಕೆ ಮಿಕ್ಸಿ ಬಂದುದು ಒಳಿತೇ ಆಯಿತು. ಆದರೆ ಮನೆಗೆ ಬಂದ ಯಂತ್ರದ ಸ್ವಭಾವವನ್ನು ಅರಿಯದೆ ಅದರಿಂದ ದುಡಿಸಿಕೊಳ್ಳುವುದು, ಎತ್ತಿನ ಹಸಿವು ನೀರಡಿಕೆಗಳನ್ನು ಅರಿಯದೆ ನೇಗಿಲು ಕಟ್ಟಿದಂತೆ. ಈ ಮಾತು ನಮಗೆ ತಿಳಿದುದು ಪುಸ್ತಕದಿಂದಲ್ಲ, ಪೆಟ್ಟು ತಿಂದು.

ಕೆಲವು ವರ್ಷಗಳ ಹಿಂದಿನ ಯುಗಾದಿಯ ಮುಂಜಾವು. ಮನೆ ತುಂಬ ಬಂಧುಗಳು. ನಮ್ಮ ಸೊಸೆಯು ಬೆಂದ ಕಡಲೆಬೇಳೆಗೆ ಬೆಲ್ಲ ಸೇರಿಸಿದ ಹೂರಣವನ್ನು ಮಿಕ್ಸಿಯ ದೊಡ್ಡ ಜಾರಿಗೆ ಕುತ್ತಿಗೆಯವರೆಗೆ ತುಂಬಿ ಗುಂಡಿ ತಿರುವಿದಳು. ಯಂತ್ರವು ಗೊರಗೊರ ಸದ್ದು ಮಾಡಿ ನಿಂತುಬಿಟ್ಟಿತು. ಅವಳು ಮತ್ತೊಮ್ಮೆ ತಿರುವಿದಳು, ಮಗದೊಮ್ಮೆ ತಿರುವಿದಳು. ಸುಟ್ಟ ವಾಸನೆ ಹಬ್ಬಿ, ಬಳಿಕ ಯಾವ ಸದ್ದೂ ಇಲ್ಲವಾಯಿತು. ಪರ್ವತದ ಮೇಲಿನ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಪಾಠವನ್ನು ಮಠದ ಪಾಠಶಾಲೆಯಲ್ಲಿ ಬಾಲ್ಯದಲ್ಲಿಯೇ ಕಂಠಸ್ಥ ಮಾಡಿದವರು ನಾವು. ಆದರೆ ಮಿಕ್ಸಿಯ ವಾಸನೆಯ ಮುಂದೆ ಏನೂ ತೋಚದೆ ನಿಂತೆವು. "ಮೋಟಾರು ಸುಟ್ಟಿತು" ಎಂದು ವಿಚಾರಣೆಯಿಲ್ಲದೆ ತೀರ್ಪು ಕೊಟ್ಟವರೂ ನಾವೇ.

ಹಬ್ಬ ಮುಗಿದ ಮರುದಿನ ಯಂತ್ರವನ್ನು ಪೇಟೆಯ ಒಂದು ಅಂಗಡಿಗೆ ಒಯ್ದೆವು. ಅಲ್ಲಿದ್ದವರು ಅದನ್ನು ಬಿಚ್ಚಿಯೂ ನೋಡದೆ, ಆರ್ಮೇಚರ್ ಹೋಗಿದೆ, ದುರಸ್ತಿಗೆ ಹಾಕುವ ಹಣಕ್ಕೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತದೆ ಎಂದರು. ಮೂಗಿಗಿಂತ ಮೂಗುತಿ ಭಾರವೆಂದು ಬಗೆದು ನಾವು ಮರಳಿದೆವು. ದಾರಿಯ ಓಣಿಯಲ್ಲಿ ರೈತರ ಪಂಪುಗಳಿಗೆ ವೈಂಡಿಂಗ್ ಮಾಡುವ ವೃದ್ಧರೊಬ್ಬರು ಕಟ್ಟೆಯ ಮೇಲೆ ಕುಳಿತಿದ್ದರು. ನಮ್ಮ ಕೈಯ ಚೀಲವನ್ನು ಕಂಡು ಕುತೂಹಲದಿಂದ ಯಂತ್ರವನ್ನು ಈಸಿಕೊಂಡರು. ಮೂಸಿ ನೋಡಿದರು, ಮೇಲಿನ ಹಲ್ಲುಚಕ್ರವನ್ನು ಬೆರಳಿನಿಂದ ತಿರುಗಿಸಿದರು, ಆಮೇಲೆ ಮಗುಚಿ ಅಡಿಯಲ್ಲಿದ್ದ ಚಿಕ್ಕ ಕೆಂಪು ಗುಂಡಿಯೊಂದನ್ನು ಒತ್ತಿದರು. "ಗುರುಗಳ, ಮೋಟಾರ ಸುಟ್ಟಿಲ್ರಿ. ಸಿಟ್ಟಿಗೆದ್ದು ಕುಂತೈತ್ರಿ, ಅಷ್ಟ" ಎಂದು ನಕ್ಕರು. ಪ್ಲಗ್ಗು ಹಾಕಿದಾಗ ಮಿಕ್ಸಿ ಎಂದಿನಂತೆ ತಿರುಗಿತು. ಉಗುರಿನಿಂದ ಹೋಗುವುದಕ್ಕೆ ನಾವು ಕೊಡಲಿಯನ್ನು ಹುಡುಕುತ್ತಿದ್ದೆವು!

ಆ ಹಿರಿಯರು ಹಣ ಮುಟ್ಟಲಿಲ್ಲ. ಬದಲಾಗಿ ಒಂದು ತಗಡಿನ ಡಬ್ಬಿಯನ್ನು ತೆರೆದು ನಾಲ್ಕು ವಸ್ತುಗಳನ್ನು ನಮ್ಮ ಮುಂದಿರಿಸಿದರು. ಅಂಚು ಹರಿದ ಒಂದು ರಬ್ಬರ್ ವಾಷರು. ಹಲ್ಲು ಸವೆದ ಒಂದು ಕಪ್ಲರ್. ಕಡಲೆಕಾಳಿನಷ್ಟು ಉಳಿದಿದ್ದ ಒಂದು ಕಾರ್ಬನ್ ತುಂಡು. ಕೊನೆಯದಾಗಿ ಇದ್ದಿಲಿನಂತೆ ಕಪ್ಪಾದ ಒಂದು ಆರ್ಮೇಚರ್. ಮೊದಲಿನ ಮೂರನ್ನು ಕಡೆಗಣಿಸಿದ ಮನೆಯವರೇ ನಾಲ್ಕನೆಯದನ್ನು ಹೊತ್ತು ತರುತ್ತಾರೆ ಎಂಬುದು ಅವರ ಅನುಭವದ ಮಾತಾಗಿತ್ತು. ಈ ಲೇಖನದಲ್ಲಿ ನಾವು ಓದುಗ ಬಂಧುಗಳಿಗೆ, ಅದರಲ್ಲಿಯೂ ತಾಯಂದಿರಿಗೆ, ನಿವೇದಿಸಬಯಸುವ ಸಾರವೂ ಅದೇ. ಮೋಟಾರು ಹೋಯಿತೆಂದು ಮೂಲೆಗೆ ಬಿದ್ದ ಎಷ್ಟೋ ಯಂತ್ರಗಳಲ್ಲಿ ಮೋಟಾರು ಹೋಗಿರುವುದಿಲ್ಲ. ನಿಜವಾಗಿ ಹೋದ ಮೋಟಾರಿನ ಹಿಂದೆಯೂ ಹೊರಗಿನ ಒಂದು ಚಿಕ್ಕ ದೋಷ ಬಹುಕಾಲ ಇದ್ದೇ ಇರುತ್ತದೆ.

ಸುಟ್ಟ ಮೋಟಾರಿನಿಂದ ಹುಟ್ಟಿದ ಯಂತ್ರ

ನಮ್ಮ ದೇಶದ ಮಿಕ್ಸಿಯ ಕಥೆಯೇ ಸುಟ್ಟ ಮೋಟಾರಿನಿಂದ ಆರಂಭವಾಯಿತೆಂಬುದು ಒಂದು ಸ್ವಾರಸ್ಯ. ವಿದೇಶಗಳಲ್ಲಿ ತಯಾರಾದ ಯಂತ್ರಗಳು ಹಣ್ಣು, ಹಾಲು, ಮೆತ್ತಗಿನ ತರಕಾರಿಗಳಿಗೆ ತಕ್ಕವಾಗಿದ್ದವು. ನೆನೆದ ಉದ್ದು, ಒಣಮೆಣಸಿನಕಾಯಿ, ಅರಿಸಿನದ ಕೊಂಬು, ಕೊಬ್ಬರಿ ಇವುಗಳ ಎದುರು ಅವು ಸೋತು ಸುಡುತ್ತಿದ್ದವು. ಎಂಜಿನಿಯರರಾಗಿದ್ದ ಸತ್ಯಪ್ರಕಾಶ ಮಾಥುರ್ ಅವರು ತಮ್ಮ ಪತ್ನಿ ಮಾಧುರಿಯವರ ವಿದೇಶಿ ಯಂತ್ರದ ಮೋಟಾರು ಹೀಗೆ ಸುಟ್ಟಾಗ, ಭಾರತೀಯ ಅಡುಗೆಯ ಹೊರೆಯನ್ನು ತಾಳಬಲ್ಲ ಯಂತ್ರವನ್ನು ರೂಪಿಸಲು ತೊಡಗಿದರು. 1960ರ ದಶಕದಲ್ಲಿ 'ಸುಮೀತ್' ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದು, ಮುಂದೆ ಎಷ್ಟೋ ಮನೆಗಳಲ್ಲಿ ಮಿಕ್ಸಿಗೆ ಪರ್ಯಾಯ ನಾಮವೇ ಆಯಿತು. ಅತ್ತ ದೋಸೆ ಇಡ್ಲಿಗಳ ಹಿಟ್ಟನ್ನು ರುಬ್ಬುವ ವೆಟ್ ಗ್ರೈಂಡರಿನ ತಯಾರಿಕೆಗೆ ತಮಿಳುನಾಡಿನ ಕೊಯಿಮತ್ತೂರು ಎಷ್ಟು ಪ್ರಸಿದ್ಧವೆಂದರೆ, ಆ ಯಂತ್ರಕ್ಕೆ ಊರಿನ ಹೆಸರಿನಲ್ಲಿಯೇ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಹೀಗೆ ನಮ್ಮ ಅಡುಗೆಗೆಂದೇ ಗಟ್ಟಿಗೊಳಿಸಿದ ಯಂತ್ರಗಳಿವು. ಆದರೂ ಗಟ್ಟಿತನಕ್ಕೊಂದು ಎಲ್ಲೆ ಉಂಟು.

ಮೋಟಾರು ಏಕೆ ಸುಡುತ್ತದೆ?

ಅಯಸ್ಕಾಂತದ ಸಮೀಪದಲ್ಲಿ ವಿದ್ಯುತ್ ಹರಿಯುವ ತಂತಿಯು ಎಡೆಬಿಡದೆ ಸುತ್ತುವಂತೆ ಮಾಡಬಹುದೆಂದು 1821ರಲ್ಲಿ ಮೈಕೆಲ್ ಫ್ಯಾರಡೆ ಪ್ರಯೋಗದಿಂದ ತೋರಿಸಿದನು. ಎಲ್ಲ ಮೋಟಾರುಗಳ ಮೂಲಬೀಜ ಇದೇ. ಸಾಮಾನ್ಯ ಮಿಕ್ಸಿಯೊಳಗಿರುವುದು ಯೂನಿವರ್ಸಲ್ ಮೋಟಾರು. ಅದರಲ್ಲಿ ಕದಲದೆ ಇರುವ ತಂತಿಸುರುಳಿಗೆ ಫೀಲ್ಡ್ ಕಾಯಿಲ್ ಎಂದೂ, ನಡುವೆ ತಿರುಗುವ ಭಾಗಕ್ಕೆ ಆರ್ಮೇಚರ್ ಎಂದೂ ಹೆಸರು. ತಿರುಗುವ ಭಾಗಕ್ಕೆ ವಿದ್ಯುತ್ತನ್ನು ತಲುಪಿಸಲು ಅದರ ಒಂದು ತುದಿಯಲ್ಲಿ ತಾಮ್ರದ ಪಟ್ಟಿಗಳ ಬಳೆಯೊಂದಿರುತ್ತದೆ, ಇದೇ ಕಮ್ಯುಟೇಟರ್. ಈ ಬಳೆಯನ್ನು ಎರಡು ಬದಿಗಳಿಂದ ಚಿಕ್ಕ ಕಾರ್ಬನ್ ತುಂಡುಗಳು ಸ್ಪ್ರಿಂಗಿನ ಬಲದಿಂದ ಸದಾ ಒತ್ತಿಕೊಂಡಿರುತ್ತವೆ. ಇವನ್ನು ಕಾರ್ಬನ್ ಬ್ರಶ್ ಎನ್ನುವರು. ಉಜ್ಜಿ ಉಜ್ಜಿ ಸವೆಯುವುದೇ ಇವುಗಳ ಧರ್ಮ. ಹೊರೆಯಿಲ್ಲದಾಗ ನಿಮಿಷಕ್ಕೆ ಹದಿನೆಂಟು ಸಾವಿರ ಸುತ್ತುಗಳ ಆಸುಪಾಸಿನ ವೇಗ ಇಂತಹ ಮೋಟಾರಿಗೆ ಸಹಜ. ಮಿಕ್ಸಿಯ ಆರ್ಭಟಕ್ಕೆ ಕಾರಣವೂ ಇದೇ.

ಇಲ್ಲಿ ಅರಿಯಬೇಕಾದ ಮುಖ್ಯ ತತ್ತ್ವವೊಂದಿದೆ. ತಿರುಗುತ್ತಿರುವ ಮೋಟಾರು ತನ್ನ ತಿರುಗುವಿಕೆಯಿಂದಲೇ ಒಂದು ಎದುರು ಒತ್ತಡವನ್ನು ಹುಟ್ಟಿಸಿ, ಒಳಹರಿಯುವ ವಿದ್ಯುತ್ತನ್ನು ಹಿಡಿತದಲ್ಲಿಡುತ್ತದೆ. 230 ವೋಲ್ಟಿನಲ್ಲಿ 750 ವಾಟ್‌ನ ಮಿಕ್ಸಿ ಸುಮಾರು 3 ಆಂಪಿಯರ್‌ಗಿಂತ ಸ್ವಲ್ಪ ಹೆಚ್ಚು ಪ್ರವಾಹವನ್ನು ಎಳೆಯುವುದು. ಬ್ಲೇಡು ಸಿಕ್ಕಿಕೊಂಡು ಮೋಟಾರು ನಿಂತರೆ ಆ ಎದುರು ಒತ್ತಡ ಇಲ್ಲವಾಗಿ ಪ್ರವಾಹವು ಹಲವು ಪಟ್ಟು ಏರುತ್ತದೆ. ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಅದೇ ಹೊತ್ತಿಗೆ ಮೋಟಾರಿನ ಅಕ್ಷಕ್ಕೆ ಕೂಡಿಸಿದ ಫ್ಯಾನೂ ನಿಂತಿರುವುದರಿಂದ ತಂಪು ಗಾಳಿಯೂ ಇಲ್ಲ. ತಾಮ್ರದ ತಂತಿಯ ಮೇಲಿನ ತೆಳುವಾದ ವಾರ್ನಿಶ್ ಲೇಪ ಕರಗಿ, ತಂತಿಗೆ ತಂತಿ ತಾಗಿದರೆ ಮೋಟಾರಿನ ಆಯುಷ್ಯ ಮುಗಿಯಿತು. ಇದಕ್ಕೆ ಕೆಲವು ಕ್ಷಣಗಳು ಸಾಕು. ನಿಂತ ಮಿಕ್ಸಿಯ ಗುಂಡಿಯನ್ನು ಮತ್ತೆ ಮತ್ತೆ ತಿರುವುವುದು ಬಿದ್ದ ಎತ್ತಿಗೆ ಬಾರುಕೋಲು ಬೀಸಿದಂತೆ. ನಮ್ಮ ಯುಗಾದಿಯ ದಿನ ಮೋಟಾರು ಬದುಕುಳಿದುದು, ಹೊರೆ ಮೀರಿದಾಗ ತಾನಾಗಿ ಸಂಪರ್ಕ ಕಡಿಯುವ ಓವರ್‌ಲೋಡ್ ಸ್ವಿಚ್ ಎಂಬ ಆ ಕೆಂಪು ಗುಂಡಿಯ ಕೃಪೆಯಿಂದ.

ದೋಷವನ್ನು ಹುಡುಕುವ ಕ್ರಮ

ತರ್ಕಶಾಸ್ತ್ರದಲ್ಲಿ ಅನ್ವಯ-ವ್ಯತಿರೇಕವೆಂಬ ಕ್ರಮವಿದೆ. ಒಂದು ಇದ್ದರೆ ಇನ್ನೊಂದು ಇರುವುದು, ಒಂದು ಇಲ್ಲದಿದ್ದರೆ ಇನ್ನೊಂದೂ ಇಲ್ಲದಿರುವುದು. ಹೀಗೆ ಕೂಡಿಸಿ ಕಳೆದು ನೋಡಿ ಕಾರಣವನ್ನು ನಿಶ್ಚಯಿಸುವುದು. ಆ ವೃದ್ಧರು ಈ ಪದಗಳನ್ನು ಕೇಳಿದವರಲ್ಲ. ಆದರೆ ಅವರ ಕೈ ನಡೆದುದು ಇದೇ ದಾರಿಯಲ್ಲಿ. ಗೋಡೆಯಿಂದ ಹೊರಟು ಬ್ಲೇಡಿನವರೆಗೆ ಒಂದೊಂದನ್ನೇ ಬೇರ್ಪಡಿಸುತ್ತ ಬಂದರೆ ದೋಷ ತಾನಾಗಿ ಸಿಕ್ಕಿಬೀಳುತ್ತದೆ.

ಮೊದಲು ಪ್ಲಗ್ಗನ್ನು ಕಳಚಬೇಕು. ಸ್ವಿಚ್ ಆರಿಸಿದರೆ ಸಾಲದು. ಒಣಗಿದ ಕೈ, ಒಣಗಿದ ನೆಲ, ಕಾಲಲ್ಲಿ ಚಪ್ಪಲಿ ಇರಲಿ. ಬಳಿಕ ಅದೇ ಸಾಕೆಟ್ಟಿಗೆ ಸರಿಯಿರುವ ಬೇರೊಂದು ಉಪಕರಣವನ್ನು ಹಾಕಿ ನೋಡಬೇಕು. ಅದೂ ನಡೆಯದಿದ್ದರೆ ದೋಷ ಗೋಡೆಯದು. ನಡೆದರೆ ಮಿಕ್ಸಿಯ ವೈರನ್ನು ಕಣ್ಣಿನಿಂದ ಪರೀಕ್ಷಿಸಬೇಕು. ಪ್ಲಗ್ಗಿನ ಬುಡದಲ್ಲಿ ಮತ್ತು ಯಂತ್ರದೊಳಗೆ ಸೇರುವಲ್ಲಿ ಸದಾ ಮಡಚಿ ಮಡಚಿ ಒಳತಂತಿ ತುಂಡಾಗುವುದುಂಟು. ವೈರನ್ನು ಸೊಂಟಪಟ್ಟಿಯಂತೆ ಬಿಗಿಯಾಗಿ ಯಂತ್ರಕ್ಕೆ ಸುತ್ತಿಡುವ ಮನೆಗಳಲ್ಲಿ ಇದು ಸಾಮಾನ್ಯ.

ಮೂರನೆಯದಾಗಿ ಜಾರನ್ನು ತೆಗೆದು, ಗುಂಡಿಯನ್ನು ಸೊನ್ನೆಗೆ ತಂದು, ಹತ್ತು-ಹದಿನೈದು ನಿಮಿಷ ಯಂತ್ರವನ್ನು ತಣಿಯಲು ಬಿಟ್ಟು, ಅಡಿಯ ಕೆಂಪು ಗುಂಡಿಯನ್ನು ಒತ್ತಬೇಕು. ನಾಲ್ಕನೆಯದಾಗಿ, ಪ್ಲಗ್ಗು ಹೊರಗಿರುವಾಗಲೇ, ಮೇಲಿನ ಕಪ್ಲರನ್ನು ಬೆರಳಿನಿಂದ ತಿರುಗಿಸಬೇಕು. ಸಲೀಸಾಗಿ ತಿರುಗಿದರೆ ಮೋಟಾರಿನ ಬೇರಿಂಗು ಸರಿಯಿದೆ. ಬಿಗಿಯಾಗಿದ್ದರೆ ಅಥವಾ ಕರಕರ ಎಂದರೆ ಒಳಗೆ ತುಕ್ಕು ಹಿಡಿದಿದೆ ಎಂದರ್ಥ. ಐದನೆಯದಾಗಿ ಜಾರಿನ ಅಡಿಯ ಹಲ್ಲುಚಕ್ರವನ್ನು ತಿರುಗಿಸಬೇಕು. ಅದು ಬಿಗಿದಿದ್ದರೆ ರೋಗ ಜಾರಿನದು, ಮೋಟಾರಿನದಲ್ಲ. ಹಿಂದಿನ ದಿನದ ಚಟ್ನಿ ಬುಷ್‌ನಲ್ಲಿ ಒಣಗಿ ಅಂಟಿರುತ್ತದೆ. ಬೆಚ್ಚಗಿನ ನೀರು ತುಂಬಿ ಒಂದು ತಾಸು ಬಿಟ್ಟರೆ ಬಹಳಷ್ಟು ಸಲ ಅದು ಸಡಿಲಗೊಳ್ಳುತ್ತದೆ.

ಕೊನೆಯದಾಗಿ ಜಾರಿಲ್ಲದೆ ಎರಡು-ಮೂರು ಕ್ಷಣ ಮಾತ್ರ ಮೋಟಾರನ್ನು ನಡೆಸಿ ನೋಡಬೇಕು. ಆಗ ಕೈ, ಸೆರಗು, ಬಳೆಗಳು ದೂರವಿರಲಿ. ಜಾರಿಲ್ಲದೆ ತಿರುಗಿ, ಜಾರಿಟ್ಟಾಗ ನಿಂತರೆ ಕಾರಣ ನಿಶ್ಚಿತವಾಗಿ ಜಾರಿನಲ್ಲಿದೆ. ಜಾರು ಸರಿಯಾಗಿ ಕೂತ ಹೊರತು ನಡೆಯದಂತೆ ಬೀಗವಿರುವ ಮಾದರಿಗಳೂ ಉಂಟು. ಅವುಗಳಲ್ಲಿ ಖಾಲಿ ಜಾರನ್ನು ಇಟ್ಟೇ ಪರೀಕ್ಷಿಸತಕ್ಕದ್ದು.

ಲಕ್ಷಣಗಳು ಹೇಳುವ ಮಾತು

ವೈದ್ಯನು ನಾಡಿ ನೋಡುವಂತೆ ಯಂತ್ರದ ಸದ್ದು, ವಾಸನೆ, ಕಿಡಿ, ಬಿಸಿ ಇವುಗಳನ್ನು ಗಮನಿಸಬೇಕು.

ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ: ಇದು ಎಲ್ಲಕ್ಕಿಂತ ಅಪಾಯದ ಲಕ್ಷಣ. ಆ ಕ್ಷಣವೇ ಆರಿಸಬೇಕು. ಜಾರಿನಲ್ಲಿ ಹೊರೆ ಅತಿಯಾಗಿದೆ, ಇಲ್ಲವೇ ಬುಷ್ ಅಥವಾ ಬೇರಿಂಗು ಬಿಗಿದಿದೆ.

ಮೋಟಾರು ತಿರುಗುತ್ತದೆ, ಬ್ಲೇಡು ತಿರುಗುವುದಿಲ್ಲ: ಕಪ್ಲರಿನ ಹಲ್ಲು ಸವೆದಿದೆ ಅಥವಾ ಬ್ಲೇಡು ತನ್ನ ಅಕ್ಷದ ಮೇಲೆ ಸಡಿಲಗೊಂಡಿದೆ. ಕಪ್ಲರನ್ನು ಬೇಕೆಂದೇ ಮೆತ್ತಗಿನ ವಸ್ತುವಿನಿಂದ ಮಾಡಿರುವರು. ಒತ್ತಡ ಮೀರಿದಾಗ ತಾನು ಮುರಿದು ಮೋಟಾರನ್ನು ಉಳಿಸುವುದು ಅದರ ಕೆಲಸ. ಬಿಡಿಭಾಗಗಳ ಅಂಗಡಿಯಲ್ಲಿ ಅಲ್ಪ ಬೆಲೆಗೆ ದೊರೆಯುತ್ತದೆ. ಆದರೆ ತಿರುಪಿನ ದಿಕ್ಕು ಹಲವು ಯಂತ್ರಗಳಲ್ಲಿ ವಾಡಿಕೆಯದಕ್ಕೆ ವಿರುದ್ಧವಾಗಿರುವುದರಿಂದ ಬಲಪ್ರಯೋಗ ಸಲ್ಲದು.

ಕಿಡಿಗಳು: ಗಾಳಿಯ ಸೀಳುಗಳ ಒಳಗೆ ಕಾರ್ಬನ್ ಬ್ರಶ್ಶಿನ ಬಳಿ ಚಿಕ್ಕ ನೀಲಿ ಕಿಡಿಗಳು ಕಾಣುವುದು ಸಹಜ. ಕಿತ್ತಳೆ ಬಣ್ಣದ ದೊಡ್ಡ ಕಿಡಿಗಳು ಬಳೆಯ ಸುತ್ತ ಉರಿಯ ವರ್ತುಲದಂತೆ ಕಂಡರೆ ಬ್ರಶ್ ಸವೆದಿದೆ, ಕಮ್ಯುಟೇಟರ್ ಕೊಳೆಯಾಗಿದೆ, ಅಥವಾ ಆರ್ಮೇಚರಿನ ಸುರುಳಿಯೇ ಕೆಟ್ಟಿದೆ. ಒಮ್ಮೆ ನಡೆದು ಒಮ್ಮೆ ನಿಲ್ಲುವುದು, ತಟ್ಟಿದರೆ ನಡೆಯುವುದು ಇವೂ ಬ್ರಶ್ ಸವೆದುದರ ಕುರುಹುಗಳಾಗಿರಬಹುದು. ಎರಡು ಬ್ರಶ್ಶುಗಳನ್ನೂ ಜೊತೆಯಾಗಿಯೇ, ಅದೇ ಅಳತೆಯವನ್ನೇ ಹಾಕಿಸಬೇಕು. ಸಕಾಲದಲ್ಲಿ ಇದನ್ನು ಮಾಡದಿದ್ದರೆ ಕಿಡಿಗಳು ತಾಮ್ರದ ಬಳೆಯನ್ನು ತಿಂದುಹಾಕುತ್ತವೆ. ಆಗ ಕಡಿಮೆ ಬೆಲೆಯ ತುಂಡಿಗಾಗಿ ಹೆಚ್ಚು ಬೆಲೆಯ ಆರ್ಮೇಚರನ್ನು ತೆರಬೇಕಾಗುತ್ತದೆ.

ವಾಸನೆ: ಹೊಸ ಮಿಕ್ಸಿಯು ಮೊದಲ ಕೆಲವು ಬಾರಿ ವಾರ್ನಿಶ್ ಬಿಸಿಯಾದ ವಾಸನೆ ಬೀರುವುದು ಸಹಜ, ಭಯಪಡಬೇಕಿಲ್ಲ. ಹಳೆಯ ಮಿಕ್ಸಿಯಲ್ಲಿ ಆ ವಾಸನೆ ಬಂದರೆ ಹೊರೆ ಮೀರಿದೆ ಎಂಬ ಎಚ್ಚರಿಕೆ. ತಣಿದ ಮೇಲೂ ಕಟುವಾದ ವಾಸನೆ ಹೋಗದೆ, ಜಾರಿಲ್ಲದಾಗಲೂ ಗುಂಯ್ಗುಟ್ಟಿ ಕೆಂಪು ಗುಂಡಿ ಮತ್ತೆ ಮತ್ತೆ ಹೊರಚಿಮ್ಮುತ್ತಿದ್ದರೆ, ಮೋಟಾರು ನಿಜವಾಗಿ ಸುಟ್ಟಿರುವ ಸಂಭವವೇ ಹೆಚ್ಚು.

ಒಂದು ವೇಗದಲ್ಲಿ ನಡೆದು ಇನ್ನೊಂದರಲ್ಲಿ ನಡೆಯದಿರುವುದು: ಬಹುಮಟ್ಟಿಗೆ ಇದು ಗುಂಡಿಯ ಒಳಗಿನ ಸ್ವಿಚ್ಚಿನ ದೋಷ. ಎಲ್ಲ ವೇಗಗಳಲ್ಲಿಯೂ ಮಂದವಾಗಿದ್ದರೆ ಮನೆಯ ವೋಲ್ಟೇಜು ಕುಸಿದಿದೆಯೇ ನೋಡಬೇಕು. ಹಳ್ಳಿಗಳಲ್ಲಿ ಪಂಪುಗಳು ನಡೆಯುವ ಹೊತ್ತಿನಲ್ಲಿ ಹೀಗಾಗುವುದುಂಟು. ದೀಪ, ಫ್ಯಾನುಗಳೂ ಮಂದವಾಗಿದ್ದರೆ ರುಬ್ಬುವುದನ್ನು ಮುಂದೂಡುವುದೇ ವಿವೇಕ.

ಜಾರಿನ ಅಡಿಯಲ್ಲಿ ತೇವ: ಓದುಗರು ಇದನ್ನು ಹಗುರವಾಗಿ ಕಾಣಬಾರದು. ವಾಷರು ಹರಿದು, ಬುಷ್ ಸವೆದ ಜಾರಿನಿಂದ ಉಪ್ಪು ಹುಳಿಗಳ ನೀರು ತೊಟ್ಟಿಕ್ಕಿ ಕಪ್ಲರಿನ ಕೆಳಗಿಳಿಯುತ್ತದೆ. ಅಲ್ಲಿಂದ ಬೇರಿಂಗಿಗೆ ತುಕ್ಕು, ತುಕ್ಕಿನಿಂದ ಬಿಗಿತ, ಬಿಗಿತದಿಂದ ಅತಿಪ್ರವಾಹ, ಅತಿಪ್ರವಾಹದಿಂದ ದಹನ. ಡಬ್ಬಿಯಲ್ಲಿದ್ದ ಮೊದಲನೆಯ ವಸ್ತು ನಾಲ್ಕನೆಯದಾಗುವ ದಾರಿ ಇದೇ.

ಈಚೆಗೆ ಕಾರ್ಬನ್ ಬ್ರಶ್ ಇಲ್ಲದ ಬಿಎಲ್‌ಡಿಸಿ ಮೋಟಾರಿನ ಮಿಕ್ಸಿಗಳೂ ಬಂದಿವೆ. ಅವುಗಳ ನಡೆಯನ್ನು ಇಲೆಕ್ಟ್ರಾನಿಕ್ ಫಲಕವು ನಿಯಂತ್ರಿಸುವುದರಿಂದ, ಜಾರು, ಕಪ್ಲರ್, ವೈರುಗಳ ಪರೀಕ್ಷೆಯ ಆಚೆಗೆ ಮನೆಯಲ್ಲಿ ಕೈಹಾಕುವಂತಿಲ್ಲ.

ವೆಟ್ ಗ್ರೈಂಡರಿನ ಸ್ವಭಾವ ಬೇರೆ

ವೆಟ್ ಗ್ರೈಂಡರಿನಲ್ಲಿ ಸಾಮಾನ್ಯವಾಗಿರುವುದು ಇಂಡಕ್ಷನ್ ಮೋಟಾರು. ಇದರಲ್ಲಿ ಕಾರ್ಬನ್ ಬ್ರಶ್ ಇಲ್ಲ, ಅಬ್ಬರವೂ ಇಲ್ಲ. ಆದರೆ ಮನೆಗೆ ಬರುವ ಸಿಂಗಲ್ ಫೇಸ್ ವಿದ್ಯುತ್ತಿನಲ್ಲಿ ಈ ಮೋಟಾರು ತಾನಾಗಿ ಹೊರಡಲಾರದು. ಹೊರಡಿಸಲು ಕೆಪಾಸಿಟರ್ ಎಂಬ ಭಾಗದ ನೆರವು ಬೇಕು. ಗ್ರೈಂಡರು ಗುಂಯ್ ಎಂದು ನಿಂತು, ಖಾಲಿ ಪಾತ್ರೆಯಲ್ಲಿಯೂ ಹೊರಡದಿದ್ದರೆ ಕೆಪಾಸಿಟರ್ ಸೋತಿದೆಯೆಂದು ಮೊದಲು ಶಂಕಿಸಬೇಕು. ಅಲ್ಪ ವೆಚ್ಚದ ಈ ಭಾಗ ಬದಲಾದರೆ ಸತ್ತಿತೆಂದುಕೊಂಡ ಗ್ರೈಂಡರು ಎದ್ದು ಕೂಡುವುದುಂಟು. ಆದರೆ ಪ್ಲಗ್ಗು ಕಳಚಿದ ಮೇಲೂ ಕೆಪಾಸಿಟರ್ ತನ್ನೊಳಗೆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲದು. ಆದುದರಿಂದ ಅದನ್ನು ತಿಳಿದವರೇ ಮುಟ್ಟತಕ್ಕದ್ದು.

ಬೆಲ್ಟಿನಿಂದ ನಡೆಯುವ ಗ್ರೈಂಡರುಗಳಲ್ಲಿ ಮೋಟಾರು ತಿರುಗಿ ಪಾತ್ರೆ ನಿಂತಿದ್ದರೆ, ಇಲ್ಲವೇ ರಬ್ಬರ್ ಸುಟ್ಟ ವಾಸನೆ ಬಂದರೆ, ಬೆಲ್ಟು ಸಡಿಲವಾಗಿದೆ ಅಥವಾ ಹರಿದಿದೆ. ಹಿಟ್ಟು ಗಟ್ಟಿಯಾದಾಗ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹನಿಸುತ್ತ ರುಬ್ಬಬೇಕು. ನಡುವೆ ವಿದ್ಯುತ್ ಹೋದರೆ ಸ್ವಿಚ್ಚನ್ನು ಆರಿಸಿಡುವುದು ಅತಿ ಅವಶ್ಯ. ಇಂಡಕ್ಷನ್ ಮೋಟಾರಿಗೆ ಕಡಿಮೆ ವೋಲ್ಟೇಜು ವಿಷಕ್ಕೆ ಸಮಾನ. ಹಿಟ್ಟಿನ ಭಾರ ಹೊತ್ತು ಹೊರಡಲಾರದೆ ಅದು ಕುಳಿತಲ್ಲೇ ಬಿಸಿಯೇರುತ್ತದೆ.

ಮೂರನೆಯ ಪಿನ್ನು

ಇಲ್ಲಿಯವರೆಗೆ ಹೇಳಿದುದು ಹಣ ಉಳಿಸುವ ಮಾತು. ಇನ್ನು ಹೇಳುವುದು ಪ್ರಾಣ ಉಳಿಸುವ ಮಾತು.

ನಮ್ಮ ತಂಗಿಯ ಮನೆಯ ಹಳೆಯ ಗ್ರೈಂಡರನ್ನು ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. "ಸ್ವಲ್ಪ ಜುಮ್ ಅಂತದ, ಏನೂ ಆಗೂದಿಲ್ಲ ಅಣ್ಣಾ" ಎಂದು ಅವಳು ನಮಗೂ ಹೇಳಿದ್ದಳು. ನಾವೂ ಕೇಳಿ ಸುಮ್ಮನಾದೆವು. ಪ್ಲಗ್ಗಿನ ಮೇಲಿನ ದಪ್ಪ ಪಿನ್ನು ಎಂದೋ ಮುರಿದಿತ್ತು. ಎರಡು ಪಿನ್ನಿನಲ್ಲಿಯೂ ಯಂತ್ರ ನಡೆಯುತ್ತಿದ್ದುದರಿಂದ ಯಾರೂ ಅದನ್ನು ಲೆಕ್ಕಿಸಿರಲಿಲ್ಲ. ಮಳೆಗಾಲದ ಒಂದು ಮುಂಜಾನೆ ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಅವಳು ಪಾತ್ರೆಗೆ ಕೈಹಾಕಿದಾಗ ವಿದ್ಯುತ್ತು ಅವಳನ್ನು ಎತ್ತಿ ಎಸೆಯಿತು. ಮಣಿಕಟ್ಟು ಮುರಿಯಿತು, ಜೀವ ಉಳಿಯಿತು. ಅಂದು ಕೈ ಯಂತ್ರಕ್ಕೆ ಅಂಟಿಕೊಂಡಿದ್ದರೆ ಎಂಬ ಯೋಚನೆ ಬಂದಾಗ ಇಂದಿಗೂ ನಮಗೆ ನಿದ್ದೆ ಹಾರುತ್ತದೆ. ಪಂಡಿತರೆನಿಸಿಕೊಂಡ ನಾವು ಆ ದಿನ ಒಂದು ಮಾತು ಆಡಿದ್ದರೆ ಸಾಕಿತ್ತು.

ಆ ದಪ್ಪ ಪಿನ್ನು ಅರ್ಥಿಂಗ್, ಅಂದರೆ ಭೂಸಂಪರ್ಕದ್ದು. ಮೋಟಾರಿನ ತಂತಿಯ ಹೊದಿಕೆ ಕೆಟ್ಟು ಲೋಹದ ಮೈಗೆ ವಿದ್ಯುತ್ತು ಸೋರಿದಾಗ, ಅದನ್ನು ನಮ್ಮ ಮೈಯ ಮೂಲಕವಲ್ಲದೆ ನೇರವಾಗಿ ನೆಲಕ್ಕೆ ಒಯ್ಯುವುದು ಅದರ ಕಾರ್ಯ. ಯಂತ್ರ ನಡೆಯಲು ಅದು ಬೇಕಿಲ್ಲ. ನಾವು ಬದುಕಲು ಬೇಕು. ಆದುದರಿಂದ ಮೂರು ಪಿನ್ನಿನ ಪ್ಲಗ್ಗನ್ನು ಕತ್ತರಿಸಿ ಎರಡು ಪಿನ್ನಿನದಾಗಿ ಮಾಡಬಾರದು. ಮುಟ್ಟಿದರೆ ಜುಮ್ಮೆನ್ನುವ ಯಂತ್ರವನ್ನು ಆ ದಿನವೇ ಬದಿಗಿಡಬೇಕು. 30 ಮಿಲಿಆಂಪಿಯರ್ ಸೋರಿಕೆಗೆ ತಾನಾಗಿ ಸಂಪರ್ಕ ಕಡಿಯುವ ಆರ್‌ಸಿಸಿಬಿ ಎಂಬ ಸಾಧನವನ್ನು ಮನೆಯ ಫಲಕದಲ್ಲಿ ಹಾಕಿಸುವುದು ಉತ್ತಮ. ಯಾರಿಗಾದರೂ ಶಾಕ್ ಹೊಡೆದು ಕೈ ಅಂಟಿಕೊಂಡಿದ್ದರೆ ಅವರನ್ನು ಮುಟ್ಟದೆ ಮೊದಲು ಮೇನ್ ಸ್ವಿಚ್ಚನ್ನು ಆರಿಸಬೇಕು. ಈ ಮಾತನ್ನು ಮನೆಯ ಮಕ್ಕಳಿಗೂ ಕಲಿಸಿಡಬೇಕು.

ಬಳಕೆಯಲ್ಲಿ ಸಂಯಮ, ಅಂಗಡಿಯಲ್ಲಿ ಎಚ್ಚರ

ಯಂತ್ರದ ಅಡಿಯ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿ ಎಷ್ಟು ನಿಮಿಷ ನಡೆಸಿ ಎಷ್ಟು ನಿಮಿಷ ವಿಶ್ರಾಂತಿ ಕೊಡಬೇಕೆಂದು ಬರೆದಿರುತ್ತಾರೆ, ಅದನ್ನು ಓದಬೇಕು. ಜಾರನ್ನು ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಬಾರದು. ಹೂರಣದಂತಹ ಅಂಟು ಪದಾರ್ಥವಾದರೆ ಅರ್ಧಕ್ಕಿಂತಲೂ ಕಡಿಮೆ ಸಾಕು. ಬಿಸಿಯನ್ನು ಆರಿಸಿ ರುಬ್ಬಬೇಕು. ಅರಿಸಿನದ ಕೊಂಬು, ಒಣಕೊಬ್ಬರಿಗಳನ್ನು ಮೊದಲು ಕುಟ್ಟಿ ಚೂರು ಮಾಡಿಕೊಳ್ಳಬೇಕು. ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿಗಳನ್ನು ತಡೆತಡೆದು ತಿರುವಬೇಕು. ಎಡೆಬಿಡದೆ ತಿರುವಿದರೆ ಎಣ್ಣೆ ಬಿಟ್ಟು ಮುದ್ದೆಯಾಗಿ ಬ್ಲೇಡನ್ನು ಹಿಡಿಯುತ್ತವೆ. ಅಡಿಯ ಗಾಳಿಯ ಸೀಳುಗಳು ಬಟ್ಟೆಯಿಂದಾಗಲಿ ಕಾಗದದಿಂದಾಗಲಿ ಮುಚ್ಚಿರಬಾರದು. ಜಾರನ್ನು ಬಳಸಿದ ಕೂಡಲೇ ತೊಳೆದು ಬೋರಲು ಹಾಕಬೇಕು. ಮೋಟಾರಿನ ಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಬಹುದೇ ಹೊರತು ನೀರು ಸುರಿದು ತೊಳೆಯಬಾರದು.

ದುರಸ್ತಿಗೆ ಒಯ್ದಾಗ, "ಮಿಕ್ಸಿ ಕೆಟ್ಟಿದೆ" ಎಂದಷ್ಟೇ ಹೇಳದೆ, ಏನು ರುಬ್ಬುವಾಗ ನಿಂತಿತು, ಯಾವ ಸದ್ದು, ಯಾವ ವಾಸನೆ, ಜಾರಿಲ್ಲದಾಗ ನಡೆಯುವುದೇ ಎಂಬುದನ್ನು ವಿವರಿಸಬೇಕು. ಖಾತರಿಯ ಅವಧಿ ಉಳಿದಿದ್ದರೆ ತಯಾರಕರ ಸೇವಾಕೇಂದ್ರಕ್ಕೇ ಒಯ್ಯಬೇಕು. ಹೊರಗೆ ಬಿಚ್ಚಿಸಿದರೆ ಹಕ್ಕು ತಪ್ಪಬಹುದು. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಬೇಕು. ವೈಂಡಿಂಗ್ ಮಾಡಿಸುವುದಾದರೆ ತಾಮ್ರದ ತಂತಿಯೇ ಎಂದು ಖಚಿತಪಡಿಸಿಕೊಳ್ಳಬೇಕು. ಮನೆಯಲ್ಲಿ ಮೋಟಾರನ್ನು ಬಿಚ್ಚಲು ಯಾರೂ ತೊಡಗಬಾರದು. ದೋಷ ಎಲ್ಲಿದೆಯೆಂದು ಅರಿಯುವುದು ಗೃಹಸ್ಥರ ಕೆಲಸ. ಅದನ್ನು ತಿದ್ದುವುದು ಬಲ್ಲವರ ಕೆಲಸ. ಈ ಗೆರೆಯನ್ನು ದಾಟದಿರುವುದೇ ಜಾಣತನ.

ನಮ್ಮ ಮನೆಯ ಆ ಮಿಕ್ಸಿ ಇಂದಿಗೂ ನಡೆಯುತ್ತಿದೆ. ಈ ನಡುವೆ ಒಮ್ಮೆ ವಾಷರು, ಒಮ್ಮೆ ಕಪ್ಲರ್, ಒಮ್ಮೆ ಜೋಡಿ ಬ್ರಶ್ಶುಗಳು ಬದಲಾಗಿವೆ. ಮೋಟಾರು ಮಾತ್ರ ಮೊದಲಿನದೇ. ಯುಗಾದಿ ಬಂದಾಗ ಸೊಸೆಯು ಹೂರಣವನ್ನು ಆರಿಸಿ, ನಾಲ್ಕು ಪಾಲು ಮಾಡಿ ತಿರುವುತ್ತಾಳೆ. ಮೊನ್ನೆ ಮೊಮ್ಮಗಳು ಜಾರಿನ ಅಡಿಯನ್ನು ಬೆರಳಿನಿಂದ ಮುಟ್ಟಿ ನೋಡಿ, "ಅಜ್ಜಾ, ಇಲ್ಲಿ ಹಸಿ ಐತಿ, ವಾಷರ್ ಹೋಗೇತಿ" ಎಂದಳು. ಮರುದಿನವೇ ಹೊಸ ವಾಷರು ಬಂದಿತು.